ಮಾತು ನಿಲ್ಲಿಸದ ಕಂಪ್ಯೂಟರಿನ ಬಾಯಿ ಮುಚ್ಚಿಸುವ ಬಗ್ಗೆ

ಇಂದ:
ಸಸಿ ಬೆಳೆಸಿ ಮಾರುವ ಅರ್ಜಿದಾರ,
ಪಡಸಾಲೆ, ಕಿಟಕಿ ಪಕ್ಕದ ಮೇಜು
(ತಂದೆಯವರ ಮಂಚಕ್ಕೆ ಕೈಯಳತೆಯ ದೂರ)

ಗೆ:
ಪರೀಕ್ಷಾ ಆವೃತ್ತಿಯ ಬಗ್ಗೆ ಬಳಕೆದಾರರ ಅಭಿಪ್ರಾಯ ಸ್ವೀಕರಿಸುವ ಮಾನ್ಯರು,
ಲಿನಕ್ಸ್ ಡೆಸ್ಕ್‌ಟಾಪ್ ತಯಾರಿಸುವ ತಂಡ

ವಿಷಯ: ತಮ್ಮ ಬೀಟಾ ಆವೃತ್ತಿಯಲ್ಲಿ ಪರದೆ ಓದುವ ಧ್ವನಿಯು ಆಫ್ ಆಗದಿರುವ ಬಗ್ಗೆ, ಹಾಗೂ ಅದರಿಂದ ಮನೆಯಲ್ಲಿ ಉಂಟಾಗಿರುವ ಪರಿಸ್ಥಿತಿಯ ಬಗ್ಗೆ.

ಉಲ್ಲೇಖ: (೧) "ತಪ್ಪು ಕಂಡರೆ ದಯವಿಟ್ಟು ತಿಳಿಸಿ" ಎಂದು ಪರದೆಯ ಮೂಲೆಯಲ್ಲಿ ಮೂಡುವ ತಮ್ಮ ಕೋರಿಕೆ.
(೨) ಅರ್ಜಿದಾರನ ಭಾಮೈದನ ಬಾಯಿಮಾತಿನ ಭರವಸೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಅರ್ಜಿದಾರನು ಮನೆಯ ಹಿಂದಿನ ಜಾಗದಲ್ಲಿ ಹಣ್ಣಿನ ಸಸಿಗಳನ್ನು ಬೆಳೆಸಿ ಮಾರುವವನಾಗಿದ್ದು, ಯಾರಿಗೆ ಯಾವ ಸಸಿ ಎಂದು ಬರೆದಿಡಲು ಒಂದು ಹಳೆಯ ಕಂಪ್ಯೂಟರನ್ನು ಇಟ್ಟುಕೊಂಡಿರುತ್ತಾನೆ. ಮನೆಯಲ್ಲಿ ನೆಟ್ಟಗಿರುವ ಪ್ಲಗ್ ಇರುವುದು ಪಡಸಾಲೆಯಲ್ಲಿ ಮಾತ್ರ. ಆದ್ದರಿಂದ ಕಂಪ್ಯೂಟರ್ ಇರುವುದೂ ಪಡಸಾಲೆಯಲ್ಲಿ. ಕಣ್ಣು ಮಂಜಾಗಿರುವ ತಂದೆಯವರ ಮಂಚ ಇರುವುದೂ ಪಡಸಾಲೆಯಲ್ಲಿ. ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ ಕಾರಣ.

೧. ಸದರಿ ಕಂಪ್ಯೂಟರು ಒಂದು ಪುಟ ತೆರೆಯುವಷ್ಟರಲ್ಲಿ ಸಸಿಗೆ ನೀರು ಹಾಕಿ ಬರಬಹುದಾದಷ್ಟು ನಿಧಾನವಾಗಿದ್ದ ಕಾರಣ, ಅರ್ಜಿದಾರನ ಭಾಮೈದನು ತಮ್ಮ ಬೀಟಾ ಆವೃತ್ತಿಯನ್ನು ಹಾಕಿಕೊಟ್ಟನು. "ಇದಿನ್ನೂ ಪೂರ್ತಿ ಆಗಿಲ್ಲ ಭಾವ, ಜನರ ಕೈಗೆ ಕೊಟ್ಟು ನೋಡ್ತಿದಾರೆ. ಪುಕ್ಕಟೆ. ಸಣ್ಣಪುಟ್ಟ ತಪ್ಪಿದ್ರೆ ಬರೆದು ಹಾಕಿದ್ರಾಯ್ತು" ಎಂದನು. ಹಾಕುವಾಗ ಯಾವುದೋ ಕೀಲಿ ಒತ್ತಿಹೋಗಿ, ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದುವ ಹೆಂಗಸಿನ ಧ್ವನಿಯೊಂದು ಶುರುವಾಯಿತು. ಭಾಮೈದನು ಊಟ ಮಾಡಿ ಹೊರಟುಹೋದನು. ಧ್ವನಿ ಉಳಿಯಿತು.

೨. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸುವ ಗುಂಡಿ ಇರುತ್ತದೆ. ಒತ್ತಿದರೆ "ಧ್ವನಿಯನ್ನು ನಿಲ್ಲಿಸಲಾಗಿದೆ" ಎಂದು ಹೇಳಿ, ಆ ಮೇಲೆ ಓದುವುದನ್ನು ಮುಂದುವರಿಸುತ್ತದೆ. ಸದ್ದು ತಗ್ಗಿಸಿದರೆ ತಾನೇ ಮೇಲೇರಿಕೊಳ್ಳುತ್ತದೆ. ಕಂಬಳಿ ಹೊದಿಸಿ ನೋಡಲಾಗಿದ್ದು, ಆಗ ನೆಗಡಿಯಾದವರಂತೆ ಮಾತಾಡಿತೇ ಹೊರತು ಸುಮ್ಮನಾಗಲಿಲ್ಲ.

೩. ಪಾಸ್‌ವರ್ಡನ್ನು ಸಹ ಅದು ಒಂದೊಂದೇ ಅಕ್ಷರವಾಗಿ ಓದುತ್ತದೆ. ಪಕ್ಕದ ಮನೆಯ ಹೊಲಿಗೆಯಾಕೆ ಬೇಲಿಯಾಚೆಯಿಂದಲೇ, "ಏನಣ್ಣಾ, ಇವತ್ತು ಕೊನೇ ಅಕ್ಷರ ತಪ್ಪು ಹೊಡೆದ್ಯಲ್ಲ, ನಿದ್ದೆ ಆಗಿಲ್ವಾ?" ಎಂದು ವಿಚಾರಿಸಿರುತ್ತಾರೆ. ಇದನ್ನು ಅರ್ಜಿದಾರನು ಸಹಿಸಿಕೊಂಡಿರುತ್ತಾನೆ.

೪. ಸಹಿಸಲಾಗದ್ದು ಟ್ರ್ಯಾಕ್ಟರಿನ ವಿಚಾರ. ತಂದೆಯವರದೊಂದು ಹಳೆಯ ಟ್ರ್ಯಾಕ್ಟರ್ ಸಸಿಗಳಿಗೆ ಬೇಕಾದ ಜಾಗದಲ್ಲಿ ನಿಂತಿದೆ. ತಂದೆಯವರು ಬೆಳಗಾದರೆ ಗೋಡೆ ಸವರಿಕೊಂಡು ಹೋಗಿ ಅದರ ಸೀಟಿನ ಮೇಲೆ ಕೂತು, ಬಿಸಿಲು ಏರಿದ ಮೇಲೆ ಇಳಿದು ಬರುತ್ತಾರೆ. ಅವರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆಂದು, ಹೇಳದೆಯೇ ಮಾರುವುದೆಂದು ಅರ್ಜಿದಾರನೂ ಅವನ ಹೆಂಡತಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟಿ ತೀರ್ಮಾನಿಸಿದ್ದರು. ಅದರಂತೆ ಅರ್ಜಿದಾರನು, ತಂದೆಯವರು ನಿದ್ದೆಯಲ್ಲಿದ್ದಾರೆಂದು ನಂಬಿ, ಜಾಹೀರಾತನ್ನು ಟೈಪ್ ಮಾಡಿದನು. ಧ್ವನಿಯ ನೆನಪು ಅವನಿಗೆ ಬರುವ ಮುಂಚೆಯೇ ಅದು, ಸುದ್ದಿ ಓದುವವರ ಗಾಂಭೀರ್ಯದಲ್ಲಿ, "ಹಳೆಯ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಸ್ಟಾರ್ಟ್ ಆಗುವುದಿಲ್ಲ. ಗುಜರಿಗೆ ಯೋಗ್ಯ" ಎಂದು ಓದಿತು.

ಮಂಚದ ಕಡೆಯಿಂದ, "ಯಾರದೋ ಅದು?" ಎಂಬ ಪ್ರಶ್ನೆ ಬಂದಿತು.

ಗಾಬರಿಯಲ್ಲಿ ಅರ್ಜಿದಾರನು ಅಷ್ಟನ್ನೂ ಅಳಿಸಿದನು. ಧ್ವನಿಯು "ಹಳೆಯ ಟ್ರ್ಯಾಕ್ಟರ್, ಅಳಿಸಲಾಗಿದೆ. ಗುಜರಿ, ಅಳಿಸಲಾಗಿದೆ" ಎಂದು ಪ್ರತಿಯೊಂದಕ್ಕೂ ಲೆಕ್ಕ ಒಪ್ಪಿಸಿತು.

೫. ಅಂದಿನಿಂದ ತಂದೆಯವರು ಅರ್ಜಿದಾರನೊಂದಿಗೆ ಮಾತು ಬಿಟ್ಟಿರುತ್ತಾರೆ. ಕಂಪ್ಯೂಟರಿನೊಂದಿಗೆ ಮಾತ್ರ ಆಡುತ್ತಾರೆ. "ನೀನೊಬ್ಳೇ ತಾಯಿ, ಈ ಮನೇಲಿ ನಂಗೆ ಇದ್ದದ್ದು ಇದ್ದ ಹಾಗೆ ಹೇಳೋಳು" ಎಂದು ಅದಕ್ಕೆ ಹೇಳುವುದನ್ನು ಅರ್ಜಿದಾರನ ಹೆಂಡತಿಯೂ ಕೇಳಿರುತ್ತಾಳೆ. ಕಾರಣ, ಸದರಿ ಧ್ವನಿಯನ್ನು ಕೂಡಲೇ ನಿಲ್ಲಿಸಿಕೊಟ್ಟು ಮನೆಯ ನೆಮ್ಮದಿಯನ್ನು ಯಥಾಸ್ಥಿತಿಗೆ ತರಬೇಕೆಂದು ಕೋರಲು ಈ ಅರ್ಜಿ.

೬. ಮಾನ್ಯರು ಗಮನಿಸಬೇಕಾದ ಸಂಗತಿಯೆಂದರೆ, ಈ ಅರ್ಜಿಯನ್ನೂ ಅದೇ ಧ್ವನಿ ಸಾಲುಸಾಲಾಗಿ ಓದುತ್ತಲಿದೆ. ಅಂಶ ೫ನ್ನು ಓದಿ ಮುಗಿಸುತ್ತಲೇ ತಂದೆಯವರು ಎದ್ದು ಕೂತು ಆಕ್ಷೇಪಣೆ ಎತ್ತಿರುತ್ತಾರೆ.

"ಯಾವ ನೆಮ್ಮದಿನೋ? ನಾನು ಏನೂ ಗೊತ್ತಿಲ್ದೆ ಬಿದ್ದಿರೋದಾ ನಿನ್ನ ನೆಮ್ಮದಿ?"

"ಹಾಗಲ್ಲಪ್ಪ..."

"ಹಾಗಲ್ಲ ಅಂದ್ರೆ ಹೇಗೆ, ಅದನ್ನೂ ಬರಿ."

ಅರ್ಜಿದಾರನು "ನೆಮ್ಮದಿ" ಎಂಬ ಪದವನ್ನು ಅಳಿಸಲು ಹೋದಾಗ ತಂದೆಯವರು, "ಅಳಿಸ್ಬೇಡ. ಬರೆದದ್ದು ಬರೆದ ಹಾಗೇ ಇರ್ಲಿ, ಅವರೂ ನೋಡ್ಲಿ" ಎಂದರು. ಆದ್ದರಿಂದ ಅದನ್ನು ಹಾಗೆಯೇ ಬಿಡಲಾಗಿದೆ.

೭. ತದನಂತರ ಟ್ರ್ಯಾಕ್ಟರಿನ ವಿಷಯ ಪ್ರಸ್ತಾಪವಾಯಿತು. ಅದು ಸ್ಟಾರ್ಟ್ ಆಗುವುದಿಲ್ಲವೆಂಬುದನ್ನು ತಂದೆಯವರು ಒಪ್ಪಿರುತ್ತಾರೆ. "ನಂಗೊತ್ತಿಲ್ವಾ? ದಿನಾ ಅದರ ಮೇಲೆ ಕೂರೋನು ನಾನು. ಮಾರು. ಬೇಡ ಅಂದ್ನಾ? ನನ್ನನ್ನ ಒಂದು ಮಾತು ಕೇಳಿ ಮಾರು ಅಂತ."

"ಕೇಳಿದ್ರೆ ನೊಂದ್ಕೋತೀಯ ಅಂತ..."

"ನೊಂದ್ಕೋತೀನಿ. ಅದರಲ್ಲೇನಿದೆ? ಕಣ್ಣು ಹೋಯ್ತು ಅಂತ ನೊಂದ್ಕೊಳ್ಳೋದನ್ನೂ ಬಿಟ್ಬಿಡ್ಲಾ?"

ಈ ಹಂತದಲ್ಲಿ ಅರ್ಜಿದಾರನ ಹೆಂಡತಿಯು ಅಡುಗೆಮನೆಯ ಬಾಗಿಲಿಗೆ ಬಂದು, "ಮಾವ, ತಪ್ಪು ನಂದೂ ಇದೆ. ಹೇಳೋದು ಬೇಡ ಅಂದವಳು ನಾನೇ" ಎಂದಳು. "ಗೊತ್ತಮ್ಮ. ನಿಮ್ಮ ಪಿಸುಮಾತು ಈಯಮ್ಮನ ಓದಿಗಿಂತ ಜೋರಿರುತ್ತೆ" ಎಂದು ತಂದೆಯವರು ಉತ್ತರಿಸಿದರು. ಹೆಂಡತಿಯು ನಗಲಾರದೆ ಅಳಲಾರದೆ ಒಳಗೆ ಹೋಗಿರುತ್ತಾಳೆ.

ಬಳಿಕ ಜಾಹೀರಾತನ್ನು ತಂದೆಯವರ ಬಾಯಿಂದಲೇ ಬರೆದುಕೊಳ್ಳಲಾಯಿತು. ಸ್ಟಾರ್ಟ್ ಆಗುವುದಿಲ್ಲ ಎಂಬುದು ಉಳಿದಿದೆ. ಗುಜರಿ ಎಂಬುದು ಹೋಗಿದೆ. "ಕೊಳ್ಳುವವರು ಮಾಲೀಕರನ್ನು ಎದುರು ಕೂತು ಮಾತಾಡಿಸತಕ್ಕದ್ದು" ಎಂಬುದು ಸೇರಿದೆ.

೮. ಆದ್ದರಿಂದ, ಧ್ವನಿಯನ್ನು ನಿಲ್ಲಿಸಬೇಕೆಂಬ ಅಂಶ ೫ರ ಕೋರಿಕೆಯನ್ನು ಅರ್ಜಿದಾರನು ಈ ಮೂಲಕ ಹಿಂಪಡೆದಿರುತ್ತಾನೆ. ಮುಂದಿನ ಆವೃತ್ತಿಯಲ್ಲಿ ಅದು ಇರಲಿ. ಕೊಂಚ ನಿಧಾನವಾಗಿ ಓದಲಿ. ಪಾಸ್‌ವರ್ಡನ್ನು ಮಾತ್ರ ಬಿಟ್ಟುಬಿಡಲಿ.

ಇಷ್ಟು ಬರೆದು ಅರ್ಜಿದಾರನು ಇನ್ನೇನು ಸೇರಿಸುವುದೆಂದು ಯೋಚಿಸುತ್ತ ಕೈ ಕಟ್ಟಿ ಕೂತಿದ್ದಾಗ, ತಂದೆಯವರು ತಲೆ ಆಚೆ ಈಚೆ ತಿರುಗಿಸಿ, "ಹೋದ್ಯೇನೋ?" ಎಂದರು.

"ಇಲ್ಲೇ ಇದೀನಪ್ಪ."

"ಮತ್ತೆ ಯಾಕೆ ಸದ್ದಿಲ್ಲ? ನೀವೆಲ್ಲ ಸುಮ್ಮನಾದ್ರೆ ಮನೇಲಿ ಯಾರಿದ್ದಾರೆ, ಯಾರಿಲ್ಲ, ನಂಗೇನೂ ತಿಳಿಯಲ್ಲ ಕಣೋ. ಅದಕ್ಕೂ ಏನಾದ್ರೂ ಮಾಡ್ತಾರೇನೋ, ಕೇಳು ಅವರನ್ನ."

ಕೇಳಲಾಗಿದೆ. ಕೆಳಗಿನ ಷರಾ ನೋಡುವುದು.

ಸಂಪೂರ್ಣ ಓದಿ ಕೇಳಿಸಿ, ಒಪ್ಪಿಗೆ ಪಡೆದು,
ತಮ್ಮ ವಿಶ್ವಾಸಿ,
ಅರ್ಜಿದಾರ (ಸಹಿ)
ಅರ್ಜಿದಾರನ ತಂದೆ (ಹೆಬ್ಬೆಟ್ಟು; "ಸಹಿ ಬರುತ್ತೆ, ಗೆರೆ ಕಾಣಲ್ಲ ಅಷ್ಟೇ" ಎಂದು ಸೇರಿಸಲು ತಿಳಿಸಿರುತ್ತಾರೆ)

ಲಗತ್ತುಗಳು:
೧. ಧ್ವನಿಯು "ನಿಲ್ಲಿಸಲಾಗಿದೆ" ಎಂದು ಹೇಳಿ ನಿಲ್ಲದಿರುವುದರ ರೆಕಾರ್ಡಿಂಗ್.
೨. ತಿದ್ದಿದ ಜಾಹೀರಾತಿನ ನಕಲು.
೩. ಟ್ರ್ಯಾಕ್ಟರಿನ ಫೋಟೋ (ಸೀಟಿನ ಮೇಲೆ ಮಾಲೀಕರು ಇರುವಂತೆ. ಇಳಿಯಲು ಒಪ್ಪಲಿಲ್ಲ).

ಷರಾ: ಬಳಕೆದಾರನು ಏನನ್ನೂ ಟೈಪ್ ಮಾಡದೆ ಸುಮ್ಮನೆ ಕುಳಿತಿದ್ದಲ್ಲಿ, ಆಗಾಗ್ಗೆ "ಇವನು ಇಲ್ಲೇ ಇದ್ದಾನೆ" ಎಂದು ಧ್ವನಿಯು ಹೇಳುವಂತೆ ಮುಂದಿನ ಆವೃತ್ತಿಯಲ್ಲಿ ಏರ್ಪಾಡು ಮಾಡಿಕೊಡಬೇಕಾಗಿ ಕೋರಿಕೆ. ಅದು ಬರುವವರೆಗೆ ಸದರಿ ಕೆಲಸವನ್ನು ಅರ್ಜಿದಾರನು ಸ್ವಂತ ಬಾಯಿಯಿಂದ ನಿರ್ವಹಿಸುವನು.