ಹಲ್ಲಿನ ಡಾಕ್ಟರಿಗೊಂದು ದೂರದ ಲೆನ್ಸು

ನಾನೊಂದು ವಸ್ತು ಕೊಳ್ಳಲು ಹೊರಟರೆ, ಅದು ಮನೆ ಸೇರುವಷ್ಟರಲ್ಲಿ ನಾಲ್ಕು ಮಂದಿಗೆ ನಗಲು ಏನಾದರೂ ಸಿಕ್ಕೇ ಸಿಗುತ್ತದೆ. ಫ್ರಿಜ್ ಕೊಂಡಾಗ ಹಾಗಾಯಿತು, ಸ್ಕೂಟರ್ ಕೊಂಡಾಗಲೂ ಹಾಗೇ ಆಯಿತು. ಈ ಸಲದ್ದು ಕ್ಯಾಮೆರಾದ ಲೆನ್ಸು.

ನಾನು ಧಾರವಾಡದ ಕಡೆಯವನು. ಪುಣೆಯ ಬಿಬವೇವಾಡಿಯಲ್ಲಿ ಹಲ್ಲಿನ ಡಾಕ್ಟರು, ದಿನವಿಡೀ ಗೇಣು ದೂರದಿಂದ ಜನರ ಬಾಯೊಳಗೆ ನೋಡುವವನು. ಭಾನುವಾರ ಫೋಟೋ ತೆಗೆಯುತ್ತೇನೆ, ಚೆನ್ನಾಗಿಯೇ ತೆಗೆಯುತ್ತೇನೆ; ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನನ್ನ ಹೆಂಡತಿ ಗಣಪತಿ ಮೆರವಣಿಗೆಯ ಡೋಲು-ತಾಶೆ ಪಥಕದಲ್ಲಿ, ಅಂದರೆ ವಾದ್ಯದ ತಂಡದಲ್ಲಿ, ಇದ್ದಾಳೆ. ಐವತ್ತು ದಾಟಿದ ಮೇಲೆ ಸೇರಿದಳು. ಸೊಂಟಕ್ಕೆ ಡೋಲು ಕಟ್ಟಿಕೊಂಡು ನಿಂತಳೆಂದರೆ ಕಾಲೇಜು ಹುಡುಗಿಯರೂ ಅವಳ ಕೈ ನೋಡಿಕೊಂಡೇ ಬಾರಿಸಬೇಕು. ನನಗೆ ಅವಳ ಬಗ್ಗೆ ಬಹಳ ಹೆಮ್ಮೆ.

ತೊಂದರೆ ಏನೆಂದರೆ, ಪಥಕದ ಸುತ್ತ ಹಗ್ಗ ಹಿಡಿದಿರುತ್ತಾರೆ, ಯಾರನ್ನೂ ಹತ್ತಿರ ಬಿಡುವುದಿಲ್ಲ. ಹೋದ ವರ್ಷ ಕ್ಯಾಮೆರಾದ ಜೊತೆಗೇ ಬಂದ ಸಣ್ಣ ಲೆನ್ಸಿನಲ್ಲಿ ತೆಗೆದ ಫೋಟೋ ನೋಡಿ, "ಇಷ್ಟು ಎಳ್ಳಿನ್ಯಾಗ ನಾ ಯಾವ ಎಳ್ಳು ಹೇಳ್ರಿ?" ಎಂದಿದ್ದಳು. ಈ ವರ್ಷ ಅವಳ ಮಂಡಿನೋವು ನೋಡುವ ಡಾಕ್ಟರು, ಇದೇ ಕೊನೆಯ ಸಲ, ಇನ್ನು ಡೋಲು ಎತ್ತುವಂತಿಲ್ಲ ಎಂದುಬಿಟ್ಟರು. ಹಾಗಾಗಿ ಅವಳು ಡೋಲು ಬಾರಿಸುವ ಒಂದು ಒಳ್ಳೆಯ ಫೋಟೋ ಆಗಬೇಕೆಂದರೆ ಈ ಗಣಪತಿಗೇ ಆಗಬೇಕು. ಅದಕ್ಕೆ ದೂರದ್ದನ್ನು ಹತ್ತಿರ ಎಳೆಯುವ ಟೆಲಿಫೋಟೋ ಜೂಮ್ ಲೆನ್ಸ್ ಬೇಕು, ಅದೂ ನನ್ನ ಕೈಗೆ ಎಟುಕುವ ಬೆಲೆಯಲ್ಲಿ.

ಮೇಲಿನ ಮನೆಯ ಪಂಡಿತ

ನಾವಿರುವುದು ಧನಕವಡಿಯಲ್ಲಿ. ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಐಟಿ ಹುಡುಗನೊಬ್ಬನಿದ್ದಾನೆ. ಲೆನ್ಸಿನ ಮಾತು ತೆಗೆದದ್ದೇ ತಡ, ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಸೋಫಾದಲ್ಲಿ ಕೂತ.

"ಅಂಕಲ್, ಎಫ್ ಟೂ ಪಾಯಿಂಟ್ ಏಟ್ ಲೆನ್ಸ್ ಬಿಟ್ಟು ಬೇರೇದು ನೋಡ್ಲೇಬೇಡಿ. ಲೋ ಲೈಟಲ್ಲಿ ಮಿಕ್ಕಿದ್ದೆಲ್ಲ ವೇಸ್ಟು."

ಬೆಲೆ ನೋಡಿದೆ. ಅಷ್ಟರಲ್ಲಿ ನನ್ನ ಕ್ಲಿನಿಕ್ಕಿಗೆ ಪೇಶಂಟ್ ಮಲಗುವ ಹೊಸ ಕುರ್ಚಿಯೇ ಬರುತ್ತಿತ್ತು.

"ಮೆರವಣಿಗಿ ಮಧ್ಯಾಹ್ನದ ಬಿಸಿಲಿನ್ಯಾಗ ಹೊಂಡತದಪಾ. ಬೆಳಕು ಬೇಕಾದಷ್ಟು ಇರತದ" ಎಂದೆ.

"ಆದ್ರೂ ಅಂಕಲ್, ಕ್ವಾಲಿಟಿ ಅಂತ ಒಂದಿರುತ್ತಲ್ವಾ? ಅದ್ರಲ್ಲಿ ಕಾಂಪ್ರಮೈಸ್ ಆಗ್ಬಾರ್ದು."

"ಅದೆಲ್ಲಾ ಖರೇ. ನಿನ್ನ ಹತ್ರ ಯಾವ ಲೆನ್ಸ್ ಅದ?"

"ನಾನಿನ್ನೂ ಕ್ಯಾಮೆರಾನೇ ತಗೊಂಡಿಲ್ಲ ಅಂಕಲ್" ಎಂದ ಹುಡುಗ, ಸ್ವಲ್ಪವೂ ಅಳುಕಿಲ್ಲದೆ. "ಮೂರು ವರ್ಷದಿಂದ ರಿವ್ಯೂ ನೋಡ್ತಾ ಇದೀನಿ. ಇಂಥದ್ರಲ್ಲೆಲ್ಲ ಅವಸರ ಮಾಡ್ಬಾರ್ದು."

ಈರುಳ್ಳಿ ವ್ಯಾಪಾರಿಯ ಮಾಲು

ಹೊಸದು ಬೇಡ, ಯಾರಾದರೂ ಬಳಸಿದ್ದು ಸಿಗುತ್ತದೇನೋ ನೋಡೋಣ ಎಂದು ಆನ್‌ಲೈನ್ ಜಾಹೀರಾತು ಹುಡುಕಿದೆ. ಮಾರ್ಕೆಟ್ ಯಾರ್ಡಿನ ಈರುಳ್ಳಿ ವ್ಯಾಪಾರಿಯೊಬ್ಬರ ಹತ್ತಿರ ನನಗೆ ಬೇಕಾದಂಥದ್ದೇ ಇತ್ತು. ಹುಲಿಯ ಫೋಟೋ ತೆಗೆಯಲೆಂದು ಕೊಂಡಿದ್ದರಂತೆ. ಇವರು ಕಾಡಿಗೆ ಹೋದಾಗಲೆಲ್ಲ ಹುಲಿ ರಜೆಯ ಮೇಲೆ ಹೋಗುತ್ತಿತ್ತು. ಅಂದಿನಿಂದ ಲೆನ್ಸು ಅಂಗಡಿಯಲ್ಲಿ ಈರುಳ್ಳಿ ಚೀಲಗಳ ನಡುವೆಯೇ ಇತ್ತು.

ಹಾಗೆ ಬಿದ್ದ ಲೆನ್ಸಿನೊಳಗೆ ಬೂಸು ಹಿಡಿಯುತ್ತದೆ, ಬೆಳಕು ಬಿಟ್ಟು ನೋಡಬೇಕು. ನಾನು ಕ್ಲಿನಿಕ್ಕಿನಲ್ಲಿ ಹಣೆಗೆ ಕಟ್ಟಿಕೊಳ್ಳುವ ದೀಪವನ್ನೇ ಒಯ್ದಿದ್ದೆ. ಅದನ್ನು ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿ, ಲೆನ್ಸಿನೊಳಗೆ ಇಣುಕುತ್ತಿದ್ದರೆ ಹಮಾಲರು ಚೀಲ ಇಳಿಸಿ ಸುತ್ತ ನಿಂತುಬಿಟ್ಟರು. ಒಳಗಿನ ಗಾಜಿನ ಮೇಲೆ ಬಿಳಿ ಎಳೆಗಳು ಜೇಡರ ಬಲೆಯಂತೆ ಹರಡಿದ್ದವು.

"ಒಳಗೆ ಬೂಸು ಹಿಡಿದಿದೆ" ಎಂದು ಮರಾಠಿಯಲ್ಲಿ ಹೇಳಿದೆ.

ವ್ಯಾಪಾರಿ ಲೆನ್ಸನ್ನು ಇಸಿದುಕೊಂಡರು. ಅಂಗೈಯಲ್ಲಿ ಒತ್ತಿ ನೋಡಿದರು, ಮೂಸಿ ನೋಡಿದರು, ಕೊನೆಗೆ ಸಮಾಧಾನದಿಂದ ತಲೆ ಆಡಿಸಿದರು.

"ಕಾಳಜೀ ಕರೂ ನಕಾ ಡಾಕ್ಟರ್‌ಸಾಹೇಬ್, ಚಿಂತೆ ಬೇಡ! ಮೇಲಿನ ಒಂದೆರಡು ಪದರ ಸುಲಿದು ಬಿಸಾಕಿ. ಒಳಗೆ ಮಾಲು ಫಸ್ಟ್ ಕ್ಲಾಸ್ ಇರುತ್ತದೆ."

ಅವ್ವನ ಪರೀಕ್ಷೆ

ಕೊನೆಗೆ ಹೊಸದನ್ನೇ ತಂದೆ. ಬೆಲೆ ಸಾಧಾರಣ, ತೂಕ ಕಡಿಮೆ, ಕೈ ನಡುಗಿದರೂ ಚಿತ್ರ ನಡುಗದಂಥದ್ದು. ನನ್ನ ಆಯ್ಕೆ ಸರಿ ಎಂದು ನನಗೆ ಗೊತ್ತಿತ್ತು, ಆದರೂ ಹಿಡಿಸದಿದ್ದರೆ ವಾರದೊಳಗೆ ಬದಲಿಸಿ ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದ್ದರಿಂದ ಮೂರನೇ ಮಹಡಿಯ ಗ್ಯಾಲರಿಯಲ್ಲಿ ನಿಂತು ಪರೀಕ್ಷೆಗೆ ತೊಡಗಿದೆ. ಕೆಳಗೆ ತರಕಾರಿ ಗಾಡಿ ನಿಂತಿತ್ತು. ಅದರದ್ದೇ ಒಂದು ಫೋಟೋ ಹೊಡೆದು, ದೊಡ್ಡದು ಮಾಡಿ, ನಮ್ಮ ಜೊತೆಗಿರುವ ಅವ್ವನಿಗೆ ತೋರಿಸಿದೆ.

ಅವ್ವ ಕನ್ನಡಕ ಏರಿಸಿ ನೋಡಿದಳು. ಮರುಗಳಿಗೆ ಕಟಕಟೆಯಿಂದ ಬಗ್ಗಿ, ತನ್ನ ಧಾರವಾಡದ ಮರಾಠಿಯಲ್ಲಿ ಕೂಗಿದಳು: "ಏ ದಾದಾ, ವಾಂಗೀ ನಕೋ! ಕೀಡ ಆಹೇ!" ಬದನೆಕಾಯಿ ಕೊಳ್ಳುತ್ತಿದ್ದ ಹೆಂಗಸು ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದಳು. ಹುಳ ತಿಂದ ತೂತು ಇತ್ತು.

ಅಲ್ಲಿಂದ ಅವ್ವ ಲೆನ್ಸನ್ನು ಬಿಡಲೊಲ್ಲಳು. ದಿನಾ ಬೆಳಿಗ್ಗೆ ನಾನು ಫೋಟೋ ಹೊಡೆಯಬೇಕು, ಅವಳು ಮೇಲಿನಿಂದಲೇ ಬೆಂಡೆ, ಟೊಮೆಟೊ ಎಲ್ಲದರ ಹುಳುಕು ಹೇಳಬೇಕು. ನಾಲ್ಕು ದಿನ ಸಹಿಸಿಕೊಂಡ ಗಾಡಿಯವನು ಐದನೆಯ ದಿನ ನನ್ನನ್ನು ಗೇಟಿನಲ್ಲಿ ತಡೆದು, ಭಯಭಕ್ತಿಯಿಂದ ಕೇಳಿದ: "ಡಾಕ್ಟರ್, ಆಜಿಯ ಕಣ್ಣಿನ ಆಪರೇಷನ್ ಎಲ್ಲಿ ಮಾಡಿಸಿದಿರಿ? ನಮ್ಮ ತಾಯಿಗೂ ಅಲ್ಲೇ ಮಾಡಿಸಬೇಕು."

ಎಡಗಡೆಯಿಂದ ಮೂರನೆಯದು

ಮೆರವಣಿಗೆಯ ದಿನ ಬಂತು. ಹೊರಡುವಾಗ ಹೆಂಡತಿ ಹೇಳಿದಳು, "ಮುಂದಿನ ಸಾಲಿನ್ಯಾಗ ಎಡಗಡಿಂದ ಮೂರನೇ ಡೋಲ ನಂದು. ಮರೀಬ್ಯಾಡ್ರಿ." ಹೇಳಲೇಬೇಕಿತ್ತು. ಪಥಕದಲ್ಲಿ ಎಲ್ಲ ಹೆಂಗಸರಿಗೂ ಒಂದೇ ಬಿಳಿ ಕುರ್ತಾ, ಒಂದೇ ಕೇಸರಿ ಪೇಟ, ಮೂಗಿಗೆ ದೊಡ್ಡ ನತ್ತು, ಕಣ್ಣಿಗೆ ಕಪ್ಪು ಕನ್ನಡಕ.

ನಾನು ಹಗ್ಗದಾಚೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಜಾಗ ಹಿಡಿದೆ. ಲೆನ್ಸನ್ನು ಪೂರ್ತಿ ಎಳೆದರೆ ಒಬ್ಬರೇ ಕಾಣುತ್ತಾರೆ, ಅಷ್ಟು ಹತ್ತಿರ. ಮೂರನೇ ಡೋಲು ಹಿಡಿದೆ, ಬಿಡಲೇ ಇಲ್ಲ. ಎತ್ತಿದ ಕೋಲು, ಹಣೆಯ ಬೆವರು, ಬಾಯ್ತುಂಬ ನಗು. ಎಲ್ಲವೂ ಕೈಗೆ ಸಿಕ್ಕಷ್ಟು ಸ್ಪಷ್ಟ. ಪಕ್ಕದಲ್ಲಿ ನಿಂತ ಅಪರಿಚಿತರಿಗೂ ತೋರಿಸಿ, "ಮಾಝೀ ಬಾಯಕೋ" ಎಂದು ಬೀಗಿದೆ. ಹೌದು, ನನ್ನ ಹೆಂಡತಿ!

ಮರುದಿನ ಫೋಟೋಗಳನ್ನು ಟಿವಿಗೆ ಹಾಕಿದೆ. ಹೆಂಡತಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಅವ್ವ ಇದ್ದಳು, ಮೇಲಿನ ಹುಡುಗನೂ ಬಂದಿದ್ದ.

"ಅಂಕಲ್, ಸಖತ್ ಶಾರ್ಪ್!" ಎಂದು ಅವನೇ ಒಪ್ಪಿಕೊಂಡ.

ನಾನು ಉಬ್ಬಿಹೋಗಿ ಆ ನಗುವನ್ನು ಇನ್ನಷ್ಟು ದೊಡ್ಡದು ಮಾಡಿದೆ. ಟಿವಿಯ ತುಂಬ ಹಲ್ಲು. ನೋಡುತ್ತಿದ್ದಂತೆ ನನ್ನ ಬಾಯಿಂದ ತಾನಾಗಿ ಬಂತು: "ಈ ಹಲ್ಲಿನ ಕ್ಯಾಪ್ ನಾನ ಹಾಕಿದ್ದು!"

ನನ್ನ ಹೆಂಡತಿಯ ಹಲ್ಲುಗಳು ಎಲ್ಲವೂ ಹುಟ್ಟಿದಾಗಿನವು. ಈ ಬಾಯಿ ಬಿಬವೇವಾಡಿಯ ನನ್ನ ಪೇಶಂಟ್ ಒಬ್ಬಾಕೆಯದು. ಒಂದಾದ ಮೇಲೊಂದು ಫೋಟೋ ತಿರುವಿದೆ. ಎಲ್ಲದರಲ್ಲೂ ಅದೇ ಕ್ಯಾಪು.

"ನೀವು ಯಾವ ಎಡಾ ನೋಡಿದ್ರಿ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

ಆಗ ಹೊಳೆಯಿತು. ನಮ್ಮ ವೃತ್ತಿಯಲ್ಲಿ ಎಡ ಎಂದರೆ ಪೇಶಂಟಿನ ಎಡ. ಎದುರಿಗೆ ನಿಂತವನಿಗೆ ಅದು ಬಲಕ್ಕೆ ಬರುತ್ತದೆ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಆ ಕಡೆ ತಿರುಗಿತ್ತು. ಅವಳು ಪಾಪ, ನನಗೆ ಸುಲಭವಾಗಲೆಂದು ನನ್ನ ಎಡವನ್ನೇ ಹೇಳಿದ್ದಳು.

ನನ್ನ ಮುಖ ಇಳಿದುಹೋಯಿತು. ಕೊನೆಯ ಸಲದ್ದು, ಅದೂ ಹೋಯಿತಲ್ಲ ಎಂದು ಟಿವಿ ಆರಿಸಿದೆ. "ತಪ್ಪಾತು" ಎಂದೆ.

ಹೆಂಡತಿ ಬಿಸಿನೀರಿನ ಚೀಲ ಪಕ್ಕಕ್ಕಿಟ್ಟು, ಸೋಫಾದ ತೋಳು ಹಿಡಿದು ಎದ್ದು ನಿಂತಳು. "ಮಂಡಿ ಡಾಕ್ಟರಗ ಫೋನ್ ಮಾಡ್ರಿ. ನನ್ನ ಫೋಟೋ ಇನ್ನೂ ಆಗಿಲ್ಲಾ, ಮುಂದಿನ ವರ್ಷಾನೂ ಡೋಲ ಬಾರಸಾಕಿನ ಅಂತ ಹೇಳ್ರಿ."

"ಮುಂದಿನ ವರ್ಷ ಖಂಡಿತ ತಪ್ಪಂಗಿಲ್ಲ" ಎಂದೆ.

"ಹೆಂಗ ತಪ್ಪತದ? ಹೆಂಡ್ತಿ ಮಾರಿ ಗುರ್ತ ಸಿಗಲಿಲ್ಲ, ಪೇಶಂಟಿನ ಹಲ್ಲ ಗುರ್ತ ಸಿಕ್ತು. ಮುಂದಿನ ಸಲ ಮೆರವಣಿಗಿ ಮುಗಿಯೂತನಕಾ ಆ ಅಂತ ಬಾಯಿ ತಗದ ನಿಂದರತೀನಿ, ಅವಾಗರ ಗುರ್ತ ಹಿಡೀತೀರಿ!"