ಸತ್ತವನನ್ನು ಮನೆಗೆ ಕಳಿಸಿದ ನಿರ್ದೇಶಕ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಒಳ್ಳೆಯ ಮಾತು. ಬೆಳಗ್ಗೆ ಹನ್ನೊಂದು ಗಂಟೆಗೆ, ಹಾಲಿವುಡ್ಡಿನ ಒಂದು ಬಡ ಸ್ಟುಡಿಯೋದ ತಗಡಿನ ಶೆಡ್ಡಿನಲ್ಲಿ, ಆರ್ವಿಲ್ ಟ್ಯಾಕೆಟ್ ಆಗಷ್ಟೇ ಗುಂಡು ತಿಂದು ಸತ್ತಿದ್ದ ಡೆಲ್ಮರ್ ಫ್ರೈನನ್ನು ಎಬ್ಬಿಸಿ, "ಚೆನ್ನಾಗಿ ಸತ್ತೆ ಕಣೋ. ಇನ್ನು ಮನೆಗೆ ಹೋಗು" ಎಂದುಬಿಟ್ಟ.

ಕಪಟವೇನಿಲ್ಲ, ಬರೀ ಅಭ್ಯಾಸ. ಹತ್ತೊಂಬತ್ತು ವರ್ಷದಿಂದ ಆರ್ವಿಲ್ ಕೌಬಾಯ್ ಚಿತ್ರಗಳಲ್ಲಿ ಸಾಯುತ್ತಲೇ ಬಂದಿದ್ದ. ಮೆಟ್ಟಿಲ ಮೇಲೆ ಸತ್ತಿದ್ದ, ಕುದುರೆ ನೀರು ಕುಡಿಯುವ ತೊಟ್ಟಿಯಲ್ಲಿ ಸತ್ತಿದ್ದ, ಮೈ ಸುಡುವ ಜ್ವರದಲ್ಲೂ ರಜೆ ಹಾಕದೆ ಬಂದು ಸತ್ತಿದ್ದ. ಅವನ ಮುಖ ದೇಶಕ್ಕೆಲ್ಲ ಪರಿಚಯ, ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಸತ್ತ ತಕ್ಷಣ ಬಣ್ಣ ಒರೆಸಿಕೊಂಡು ಮನೆಗೆ ಹೋಗುವುದು, ಅವನಿಗೆ ತಿಳಿದಿದ್ದ ಜೀವನ ಇಷ್ಟೇ.

ಈಗ ಮೊದಲ ಸಲ ಅವನು ನಿರ್ದೇಶಕ. ಟೆಲಿವಿಷನ್ ಧಾರಾವಾಹಿಯ ಒಂದು ಕಂತು, ಮೂರು ದಿನದ ಕೆಲಸ, ಇವತ್ತು ಕಡೆಯ ದಿನ. ನಿರ್ಮಾಪಕ ಹೋಬರ್ಟ್ ಸ್ಟಲ್ ಬೆಳಗ್ಗೆಯೇ ಸಿಗಾರ್ ಕಚ್ಚಿಕೊಂಡು ಹೇಳಿದ್ದ: "ಸಂಜೆ ಆರಕ್ಕೆ ಲೈಟು ಆರಿಸ್ತೀನಿ. ಅಷ್ಟರಲ್ಲಿ ಮುಗಿಸಿದ್ರೆ ಉಳಿದ ಹನ್ನೆರಡು ಕಂತಿಗೂ ನೀನೇ ಡೈರೆಕ್ಟರು. ಇಲ್ಲಾಂದ್ರೆ ಸೋಮವಾರದಿಂದ ಮತ್ತೆ ಸಾಯಕ್ಕೆ ಹೋಗು."

ಡೆಲ್ಮರ್ ಎದೆಯ ಮೇಲಿನ ಚಾಕೊಲೇಟ್ ಪಾಕದ ನಕಲಿ ರಕ್ತ ಒರೆಸಿಕೊಂಡು ಹೊರಟುಹೋಗಿ ಇಪ್ಪತ್ತು ನಿಮಿಷವಾಗಿತ್ತು. ಪ್ರತಿ ಶಾಟಿನ ವಿವರ ಬರೆದಿಡುವ ವರ್ಡಾ ಕನ್ನಡಕ ಸರಿಮಾಡಿಕೊಂಡು ಬಂದಳು.

"ಆರ್ವಿಲ್, ಡೆಲ್ಮರ್ ಎಲ್ಲಿ?"

"ಸತ್ತನಲ್ಲಮ್ಮಾ. ಮನೆಗೆ ಕಳಿಸ್ದೆ."

"ಸಾಯೋದೊಂದೇ ಆಗಿರೋದು ಕಣಯ್ಯಾ! ಇಸ್ಪೀಟಲ್ಲಿ ಮೋಸ ಮಾಡೋದು, ಜಗಳ ತೆಗೆಯೋದು, ಹೀರೋ ಚೆಟ್ಟನ ಅಮ್ಮನ್ನ ಬೈಯೋದು ಎಲ್ಲಾ ಬಾಕಿ ಇದೆ. ಯಾವ ತಪ್ಪೂ ಮಾಡದೋನ್ನ ಕೊಂದು ಕಳಿಸಿದೀಯ."

ಆರ್ವಿಲ್ಲನ ಮುಖ ಹಿಂಡಿದ ಒದ್ದೆ ಬಟ್ಟೆಯಂತಾಯಿತು. ಶೂಟಿಂಗಿನಲ್ಲಿ ದೀಪಗಳನ್ನು ಒಂದು ಸಲ ಬಾಗಿಲ ಕಡೆ ತಿರುಗಿಸಿದರೆ ಬಾಗಿಲ ಕಡೆ ನಡೆಯುವುದನ್ನೆಲ್ಲ ಮೊದಲು ಮುಗಿಸಬೇಕು, ಆಮೇಲೆ ಕಿಟಕಿಯ ಕಡೆ. ಕಥೆಯಲ್ಲಿ ಯಾವುದು ಮೊದಲು ಎಂದು ಕೇಳುವವರು ಯಾರೂ ಇಲ್ಲ. ಡೆಲ್ಮರ್ ಸಾಯುವುದು ಬಾಗಿಲಲ್ಲಿ, ಬದುಕುವುದೆಲ್ಲ ಕಿಟಕಿಯ ಹತ್ತಿರ. ಮೇಕಪ್ ಹುಡುಗಿಗೂ ತಿಳಿದಿದ್ದ ಈ ವಿಷಯ ನಿರ್ದೇಶಕನಿಗೆ ಮರೆತುಹೋಗಿತ್ತು.

ಡೆಲ್ಮರನ ಮನೆಗೆ ಫೋನ್ ಮಾಡಿದರು. "ಇಲ್ಲಿಗೆ ಬಂದಿಲ್ಲ. ಸಿಕ್ಕಿದ್ರೆ ಬರೋವಾಗ ಬ್ರೆಡ್ ತರಕ್ಕೆ ಹೇಳಿ" ಎಂದಳು ಹೆಂಡತಿ.

ಅಷ್ಟು ಸಾಕಾಯಿತು. ಶೆಡ್ಡಿನಲ್ಲಿದ್ದವರೆಲ್ಲ ಸಲಹೆಗಾರರಾದರು.

"ಡೆಲ್ಮರನ ಟೋಪಿನ ಕುರ್ಚಿ ಮೇಲಿಡು, ಅದನ್ನೇ ತೆಗೀತೀನಿ" ಎಂದ ಕ್ಯಾಮೆರಾದ ಗಸ್. "ಅವನಿಗಿಂತ ಅದೇ ಚೆನ್ನಾಗಿ ಆಕ್ಟ್ ಮಾಡುತ್ತೆ."

"ನನ್ನ ಮುಖನೇ ತೋರ್ಸು ಗುರೂ" ಎಂದ ನಾಯಕ ಚೆಟ್ ಬ್ರ್ಯಾನಿಗನ್, ಕನ್ನಡಿಯಿಂದ ಕಣ್ಣು ಕೀಳದೆ. "ಜನ ಟೀವಿ ಹಾಕೋದೇ ಅದಕ್ಕೆ."

ಬಡಗಿ ಸುತ್ತಿಗೆ ಕೆಳಗಿಟ್ಟು, "ಬೇಕಾದ್ರೆ ನಾನ್ ಮಾಡ್ತೀನಿ. ಸ್ಕೂಲ್ ನಾಟಕದಲ್ಲಿ ಮರ ಆಗಿದ್ದೆ" ಎಂದ.

ಕೊನೆಗೆ ಆರ್ವಿಲ್ಲೇ ಡೆಲ್ಮರನ ಕೋಟಿಗೆ ತೋಳು ತೂರಿಸಿದ. ಅದು ಬೆನ್ನ ಮೇಲೆ ಪರ್ರನೆ ಹರಿಯಿತು. ಬಡಗಿ ಮೊಳೆ ಹೊಡೆಯಲು ಬಂದ, ವರ್ಡಾ ತಡೆದು ಪಿನ್ನು ಚುಚ್ಚಿದಳು. ಅವನ ಮುಖ ಕಂಡರೆ ಕೆಲಸ ಕೆಟ್ಟಿತು. ಹಾಗಾಗಿ ವಿಲನ್ ಎಲ್ಲರಿಗೂ ಬೆನ್ನು ಮಾಡಿ, ಕಿಟಕಿಯಾಚೆ ಬಟ್ಟೆಯ ಮೇಲೆ ಬರೆದ ಮರಳುಗಾಡನ್ನು ನೋಡುತ್ತಲೇ ಇಸ್ಪೀಟು ಆಡಬೇಕಾಯಿತು. ಎಲೆಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದ. ಒಂದು ಎಲೆ ಚೆಟ್ಟನ ಕಣ್ಣಿಗೆ ಬಡಿಯಿತು.

"ಬೆನ್ನು ನೋಡಿ ಹೆಂಗಪ್ಪಾ ಸಿಟ್ಟು ಮಾಡ್ಕೊಳೋದು?" ಎಂದು ಚೆಟ್ ಕೂಗಾಡಿದ.

"ನಿಮ್ಮಮ್ಮ ಕುದುರೆ ಕಳ್ಳಿ!" ಎಂದ ಆರ್ವಿಲ್, ಮರಳುಗಾಡಿಗೆ.

ಹತ್ತೊಂಬತ್ತು ವರ್ಷ ನುಂಗಿಕೊಂಡದ್ದೆಲ್ಲ ಆ ಬೈಗುಳದಲ್ಲಿತ್ತು. ಹೆಗಲು ಅದುರಿತು, ಕತ್ತಿನ ನರ ಉಬ್ಬಿತು, ಪಿನ್ನುಗಳು ಒಂದೊಂದಾಗಿ ಹಾರಿದವು. ತಾನು ನಿರ್ದೇಶಿಸುತ್ತಿದ್ದ ದೃಶ್ಯದ ಒಂದು ಚೂರನ್ನೂ ಅವನು ನೋಡಲಿಲ್ಲ. "ಕಟ್!" ಎಂದು ಗೋಡೆಗೆ ಕೂಗುವುದು, "ಹೆಂಗಿತ್ತು ಗಸ್?" ಎಂದು ಕೇಳುವುದು, "ನೋಡಿದೀನಿ, ಇದಕ್ಕಿಂತ ಕೆಟ್ಟದ್ದೂ ನೋಡಿದೀನಿ" ಎಂಬ ಉತ್ತರ ಕೇಳಿ ಮುಂದಿನ ಶಾಟಿಗೆ ಹೋಗುವುದು.

ಕಡೆಯ ಶಾಟು ಮುಗಿದಾಗ ಆರಕ್ಕೆ ಎರಡು ನಿಮಿಷವಿತ್ತು. ಆರ್ವಿಲ್ ಬೆವರು ಸುರಿಸುತ್ತ ತಿರುಗಿದ. ಎದುರಿಗೆ ಹೋಬರ್ಟ್ ಸ್ಟಲ್, ಪಕ್ಕದಲ್ಲಿ ಧಾರಾವಾಹಿಗೆ ಹಣ ಹಾಕಿದ ಓಟ್ಸ್ ಕಂಪನಿಯ ಮನುಷ್ಯ. ಇಬ್ಬರೂ ನಾಲ್ಕು ಗಂಟೆಯಿಂದ ಅಲ್ಲೇ ನಿಂತಿದ್ದರಂತೆ.

"ಮುಗಿಸ್ದೆ ಸಾರ್!"

"ನೋಡ್ದೆ. ಹನ್ನೆರಡು ಕಂತೂ ನಿಂದೇ" ಎಂದ ಹೋಬರ್ಟ್.

"ಡೈರೆಕ್ಷನ್ನು?"

"ಬೆನ್ನು."

ಓಟ್ಸಿನವನು ಕಣ್ಣೊರೆಸಿಕೊಂಡ. "ಏನ್ ಬೆನ್ನು ಸಾರ್! ಏನ್ ದ್ವೇಷ! ಮುಖಾನೇ ತೋರಿಸದ ವಿಲನ್. ಆ ಸಾಯೋ ಶಾಟು ಕಿತ್ತುಹಾಕ್ತೀವಿ, ಇವನು ಸಾಯೋದೇ ಬೇಡ. ಮುಖ ನೋಡ್ಬೇಕೂಂತ ಜನ ವಾರ ವಾರ ಕಾಯ್ತಾರೆ. ನಾವು ತೋರಿಸೋದೇ ಇಲ್ಲ. ಕಂಟ್ರ್ಯಾಕ್ಟಲ್ಲೇ ಬರೆಸ್ತೀವಿ."

"ಹಾಗಾದ್ರೆ ಡೈರೆಕ್ಟರು ಯಾರು?" ಎಂದು ಕೇಳಿದ ಆರ್ವಿಲ್.

ಹೋಬರ್ಟ್ ಪಕ್ಕಕ್ಕೆ ಸರಿದ. ಹಿಂದೆ ಡೆಲ್ಮರ್ ಫ್ರೈ, ಕ್ರಾಪು ಬಾಚಿ, ಟೈ ಕಟ್ಟಿ ನಿಂತಿದ್ದ.

"ಬೆಳಗ್ಗೆ ಹನ್ನೊಂದೂವರೆಗೇ ನನ್ನ ರೂಮಿಗೆ ಬಂದು, 'ನನ್ನ ಪಾಲಿನ ಕೆಲಸ ಪೂರ್ತಿ ಮುಗೀತು ಸಾರ್, ಬೇರೆ ಏನಾದ್ರೂ ಇದ್ಯಾ?' ಅಂದ. ಮೂವತ್ತು ವರ್ಷದಲ್ಲಿ ನನ್ನನ್ನ ಹಂಗೆ ಕೇಳಿದೋರು ಯಾರೂ ಇಲ್ಲ" ಎಂದ ಹೋಬರ್ಟ್. "ಅದೇ ಸೀನನ್ನ ನೀನು ಆರು ಗಂಟೆವರೆಗೂ ಎಳೆದೆ. ಡೈರೆಕ್ಷನ್ನಿಗೆ ಇಂಥ ಚುರುಕಿನೋನು ಬೇಕಪ್ಪಾ."

ಡೆಲ್ಮರ್ ಹೋಗಿ ನಿರ್ದೇಶಕನ ಕುರ್ಚಿಯಲ್ಲಿ ಕುಳಿತು ಕಾಲ ಮೇಲೆ ಕಾಲು ಹಾಕಿದ.

"ಆರ್ವಿಲ್, ಬೇಜಾರ್ ಮಾಡ್ಕೋಬೇಡ ಮಾರಾಯ. ಹೋಗೋಕೆ ಮುಂಚೆ ಒಂದ್ಸಲ ತಿರುಗಿ ನಿಂತ್ಕೋ. ಸೋಮವಾರಕ್ಕೆ ಬೆನ್ನಿನ ಮೇಲೆ ಬೆಳಕು ಹೆಂಗ್ ಬೀಳುತ್ತೆ ನೋಡ್ಬೇಕು."

ಆರ್ವಿಲ್ ತಿರುಗಿ ನಿಂತ. ಗೋಡೆಯ ಕಡೆಗಿದ್ದ ಆ ಮುಖದಲ್ಲಿ ಆಗ ಏನಿತ್ತೆಂದು ಹೋಗಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲರೂ ಬೆನ್ನನ್ನು ಹೊಗಳುತ್ತಿದ್ದರು.