ಗಾಂಜಾ ಪರ ಶಿವಮೂರ್ತಿ

ಶಿವಮೂರ್ತಿಯ ಕಷ್ಟ ಶುರುವಾದದ್ದು ಟಿಫಿನ್ ಡಬ್ಬಿಯ ಮುಚ್ಚಳದಿಂದ. ನಂಜನಗೂಡಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ರಂಗನಾಯಕರು ಅದರೊಳಗೆ ಎರಡು ಚೀಟಿ ಹಾಕಿ ಕುಲುಕಿದರು. ಅವತ್ತು ಎರಡು ಸಾವಿರದ ಮೂರನೇ ಇಸವಿಯ ಜೂನ್ ಇಪ್ಪತ್ತಾರು, ಮಾದಕವಸ್ತು ವಿರೋಧಿ ದಿನ. ಮಧ್ಯಾಹ್ನ ಟಿ. ನರಸೀಪುರದಲ್ಲಿ ನೌಕರರ ಚರ್ಚಾಸ್ಪರ್ಧೆ. ವಿಷಯ: ‘ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕು’. ಟೈಪಿಸ್ಟ್ ವಿಶಾಲಮ್ಮನಿಗೆ ‘ವಿರೋಧ’ ಬಂತು. ಗುಮಾಸ್ತ ಶಿವಮೂರ್ತಿಗೆ ‘ಪರ’.

“ಸಾರ್, ಬೇಡ ಅಂತ ಪ್ರತಿಜ್ಞೆ ಮಾಡೋ ದಿವಸವೇ ನಾನು ಬೇಕು ಅಂತ ಕೂಗೋದಾ?”

“ಎಲ್ಲರೂ ಬೇಡ ಅಂದ್ರೆ ಅದನ್ನ ಚರ್ಚೆ ಅನ್ನಲ್ಲ ಕಣ್ರೀ, ಭಜನೆ ಅಂತಾರೆ. ಹೊರಡಿ.”

ಬೇರೆ ದಿನವಾಗಿದ್ದರೆ ಶಿವಮೂರ್ತಿ ಹೊಟ್ಟೆನೋವು ತಂದುಕೊಳ್ಳುತ್ತಿದ್ದ. ಇವತ್ತು ಹೋಗಲೇಬೇಕಿತ್ತು. ಚರ್ಚೆ ಮುಗಿದ ಮೇಲೆ ವ್ಯಸನಮುಕ್ತಿ ಕೇಂದ್ರದವರು ತಾಲ್ಲೂಕಿಗೆ ಒಬ್ಬರನ್ನು ಪುಕ್ಕಟೆಯಾಗಿ ಸೇರಿಸಿಕೊಳ್ಳುವವರಿದ್ದರು. ಆ ಒಂದು ಹಾಸಿಗೆ ಅವನಿಗೆ ಬೇಕಿತ್ತು, ತಮ್ಮ ಜಗನ್‌ಗಾಗಿ. ಜಗನ್ ಸೇದಲು ಹಿಡಿದು ಮೂರು ವರ್ಷವಾಗಿತ್ತು. ಮೊದಲು ಕೆಲಸ ಬಿಟ್ಟ, ಆಮೇಲೆ ಮಾತು ಬಿಟ್ಟ. ಹಗಲು ಅವ್ವ ಪುಟ್ಟಮಾದಮ್ಮ ಅವನನ್ನು ಕಾಯುತ್ತಿದ್ದಳು. ರಾತ್ರಿ ಶಿವಮೂರ್ತಿ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದ. ನಿದ್ದೆಗೆಟ್ಟು ಅವನ ಕಣ್ಣು ಹಣ್ಣುಮೆಣಸಿನಕಾಯಿಯಾಗಿತ್ತು.

ಕೇಂದ್ರದ ಅರ್ಜಿ ಜೇಬಿನಲ್ಲಿತ್ತು. ವಿಳಾಸ, ಎಷ್ಟು ವರ್ಷದ ಚಟ, ಏನೇನು ಲಕ್ಷಣ, ಎಲ್ಲವನ್ನೂ ತನ್ನ ದುಂಡು ಅಕ್ಷರದಲ್ಲಿ ತುಂಬಿದ್ದ. ಯಾರಾದರೂ ನೋಡಿಬಿಟ್ಟಾರೆಂದು ಹೆಸರಿನ ಕಾಲಂ ಮಾತ್ರ ಖಾಲಿ ಬಿಟ್ಟಿದ್ದ. ಅದನ್ನು ಡಾಕ್ಟರ ಕಿವಿಯಲ್ಲಿ ಹೇಳಿ ಬರೆಸುವುದೆಂದುಕೊಂಡಿದ್ದ.

ವೇದಿಕೆಯ ಮೇಲೆ ಕೇಂದ್ರದ ಡಾಕ್ಟರ್ ನಾಗಯ್ಯ, ಪಕ್ಕದಲ್ಲಿ ಅತಿಥಿಯಾಗಿ ಒಬ್ಬ ಇನ್ಸ್‌ಪೆಕ್ಟರು. ವಿಶಾಲಮ್ಮ ಮೈಕಿಗೆ ಬೆರಳು ತೋರಿಸಿ ಕೇಳಿದಳು: “ಸಾರಾಯಿಗೆ ಲೈಸೆನ್ಸ್ ಕೊಟ್ಟಿದ್ದೀವಿ. ಕುಡಿಯೋರು ಕಡಿಮೆ ಆದ್ರಾ? ಇವತ್ತು ಕದ್ದು ಸೇದೋರು ನಾಳೆ ಕ್ಯೂ ನಿಲ್ತಾರೆ, ಅವರ ಹಿಂದೆ ಅವರ ಮಕ್ಕಳು ನಿಲ್ತಾರೆ!” ಚಪ್ಪಾಳೆಗೆ ಸಭಾಂಗಣದ ಪಾರಿವಾಳಗಳು ಎದ್ದುಹೋದವು.

ಶಿವಮೂರ್ತಿ ಎದ್ದ. ಬರೆದುಕೊಂಡದ್ದನ್ನು ಎರಡು ನಿಮಿಷ ಓದಿದ. ಆಮೇಲೆ ಕಾಗದ ನೋಡುವುದನ್ನೇ ಬಿಟ್ಟ.

“ನಿಷೇಧ ಇದೆ. ಆದ್ರೂ ಗಾಂಜಾ ಸಿಗುತ್ತೆ. ಸಿಗದೇ ಇರೋದು ಡಾಕ್ಟರು. ಮನೆಯವರಿಗೆ ಪೊಲೀಸಿನ ಭಯ, ಬೀದಿಯವರ ಭಯ. ಬೆಲ್ಲದ ಡಬ್ಬಿ ಒಂದೇ ರಾತ್ರಿಗೆ ಖಾಲಿ ಆಗುತ್ತೆ. ಗೋಡೆ ನೋಡಿದ್ರೆ ನಗು ಬರುತ್ತೆ. ಅಂಗಿ ಎಷ್ಟು ಒಗೆದ್ರೂ ಸುಟ್ಟ ಸೊಪ್ಪಿನ ವಾಸನೆ ಹೋಗಲ್ಲ. ಇದನ್ನ ಯಾರ ಹತ್ರ ಹೇಳೋದು? ಹೇಳಿದ್ರೆ ಕೇಸು!”

ನಿಜಕ್ಕೂ ಅವನಿಗೆ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಒಬ್ಬ ತಮ್ಮ ಇದ್ದ, ಅಷ್ಟೇ.

ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: “ಏನ್ಲಾ ಇವ್ನು, ಇಂಗೆ ಬುಡಿಸಿ ಬುಡಿಸಿ ಏಳ್ತಾವ್ನೆ?”

“ಸೇದ್ದೋನ್ಗೇ ಕಣ್ಲಾ ಗೊತ್ತಾಗೋದು. ಕಣ್ಣು ನೋಡು ಅವುಂದ.”

ಭಾಷಣದ ಪ್ರತಿಯನ್ನು ತೀರ್ಪುಗಾರರಿಗೆ ಕೊಡಬೇಕೆಂಬ ನಿಯಮವಿತ್ತು. ಗಡಿಬಿಡಿಯಲ್ಲಿ ಕೈಯಲ್ಲಿದ್ದ, ಜೇಬಿನಲ್ಲಿದ್ದ ಕಾಗದವನ್ನೆಲ್ಲ ಶಿವಮೂರ್ತಿ ಮೇಜಿನ ಮೇಲಿಟ್ಟು ಬಂದ. ಅದರೊಳಗೆ ಅರ್ಜಿಯೂ ಹೋಯಿತು.

ಹತ್ತು ನಿಮಿಷದಲ್ಲಿ ಡಾಕ್ಟರು ಅವನನ್ನು ಪಕ್ಕದ ಕೋಣೆಗೆ ಕರೆಸಿದರು. ರಂಗನಾಯಕರೂ ಇನ್ಸ್‌ಪೆಕ್ಟರೂ ಹಿಂದೆಯೇ ಬಂದರು. ಕರೆಯದಿದ್ದರೂ ವಿಶಾಲಮ್ಮ ಬಂದಳು.

“ನಾಚ್ಕೋಬೇಡಿ ಶಿವಮೂರ್ತಿ. ಇಷ್ಟು ಜನರ ಮುಂದೆ ಒಪ್ಕೊಂಡ್ರಲ್ಲ, ದೊಡ್ಡ ವಿಷಯ.”

“ಅಯ್ಯೋ, ಅದು ನಂದಲ್ಲ ಡಾಕ್ಟ್ರೇ!”

“ಅಕ್ಷರ ಯಾರದು?”

“ನಂದೇ.”

“ವಿಳಾಸ?”

“ಅದೂ ನಂದೇ. ಆದ್ರೆ ಚಟ ನಂದಲ್ಲ ಸಾ, ಅದು ನನ್ನ...”

“ಹೇಳಿ, ಯಾರದು?” ಇನ್ಸ್‌ಪೆಕ್ಟರು ಪೆನ್ನಿನ ಕ್ಯಾಪು ತೆಗೆದರು. “ತಾನಾಗಿ ಚಿಕಿತ್ಸೆಗೆ ಬಂದವರ ತಂಟೆಗೆ ನಾನು ಬರಲ್ಲ. ಬೇರೆಯವರದಾದ್ರೆ ಎಲ್ಲಿಂದ ತಂದ, ಯಾರು ಕೊಟ್ರು, ಎಲ್ಲಾ ವಿಚಾರಿಸಬೇಕಾಗುತ್ತೆ.”

ಶಿವಮೂರ್ತಿ ಪೆನ್ನಿನ ತುದಿಯನ್ನೇ ನೋಡಿದ. ಬಾಯಿಯನ್ನು ಸಂಡಿಗೆ ಡಬ್ಬಿಯಂತೆ ಬಿಗಿಯಾಗಿ ಮುಚ್ಚಿಕೊಂಡ. ಅವನ ವಾದ ಅಲ್ಲೇ ರುಜುವಾತಾಗಿತ್ತು. ಆದರೆ ಬಹುಮಾನದ ಸ್ಟೀಲ್ ಬೇಸಿನ್ ಆಗಲೇ ವಿಶಾಲಮ್ಮನ ಕಂಕುಳಲ್ಲಿತ್ತು.

“ನಂಗೆ ಮೊದ್ಲಿಂದ ಅನುಮಾನ. ವಾರದಿಂದ ಫೈಲ್ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿದ್ರು, ಪಾಪ,” ಎಂದಳು.

“ಒಂದು ತಿಂಗಳು ಮೆಡಿಕಲ್ ರಜೆ ನಾನು ಹಾಕಿಸ್ತೀನಿ,” ರಂಗನಾಯಕರು ಬೆನ್ನು ತಟ್ಟಿದರು. “ಒಳ್ಳೆಯವರಾಗಿ ಬನ್ನಿ.”

ಮನೆಯವರ ಸಹಿಯಿಲ್ಲದೆ ಸೇರಿಸುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ಶಿವಮೂರ್ತಿಗೆ ಸ್ವಲ್ಪ ಜೀವ ಬಂತು. ಅವ್ವನಿಗೆ ಸಹಿ ಬರುತ್ತಿರಲಿಲ್ಲ. ಆದರೆ ಬೀದಿಗೆಲ್ಲ ಒಂದೇ ಫೋನು, ಮರಿತಾಯಮ್ಮನದು. ಡಾಕ್ಟರು ಅವಳಿಗೆ ಹೇಳಿದರು. ಅವಳು ಬೀದಿಗೆ ಹೇಳಿದಳು. ಬೀದಿಯವರೇ ಸೇರಿ ಒಬ್ಬನನ್ನು ಸಿದ್ಧಮಾಡಿ ಬಸ್ಸು ಹತ್ತಿಸಿದರು.

ಒಂದೂವರೆ ಗಂಟೆ ಕಳೆದ ಮೇಲೆ ಜಗನ್ ಬಂದ. ಸ್ನಾನ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿ, ಅಣ್ಣನ ಇಸ್ತ್ರಿ ಅಂಗಿ ತೊಟ್ಟಿದ್ದ. ಮೂರು ವರ್ಷದಲ್ಲಿ ಅವನು ಇಷ್ಟು ಲಕ್ಷಣವಾಗಿ ಕಂಡದ್ದೇ ಇಲ್ಲ.

“ನೋಡಿ, ಒಂದೇ ಮನೆಯಲ್ಲಿ ತಮ್ಮ ಹೇಗಿದ್ದಾರೆ!” ಎಂದರು ಡಾಕ್ಟರು.

“ಅಣ್ಣ ಒಳ್ಳೇವ್ನೇ ಸಾ. ಸವಾಸ ಕೆಟ್ಟು ಇಂಗಾದ. ಒಡೀಬ್ಯಾಡಿ,” ಎಂದು ಜಗನ್ ಸಹಿ ಹಾಕಿದ.

ಶಿವಮೂರ್ತಿ ಹಲ್ಲು ಕಚ್ಚಿ ಪಿಸುಗುಟ್ಟಿದ: “ಲೇ, ನೀನಾದ್ರೂ ಬಾಯಿ ಬುಡ್ಲಾ!”

“ಇನಿಸ್ಪೆಟ್ರು ಅವ್ರೆ ಕಣಣ್ಣ,” ಜಗನ್ ಅಷ್ಟೇ ಮೆಲ್ಲಗೆ ಹೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ, “ಬೀಗದ ಕೈ ಕೊಡಣ್ಣ. ರಾತ್ರಿ ಬಾಗ್ಲಿಗೆ ಬೀಗ ಆಕ್ಬೇಕಲ್ಲ, ಅವ್ವ ಒಬ್ಳೇ.”

ಎಲ್ಲರೆದುರು ಅಂಗಿ ಎತ್ತಿ, ಉಡಿದಾರ ಬಿಚ್ಚಿ, ಶಿವಮೂರ್ತಿ ಬೀಗದ ಕೈ ಕೊಟ್ಟ.

ವ್ಯಾನು ಹೊರಡುವ ಮುನ್ನ ಡಾಕ್ಟರು ಜಗನ್ ಕೈಗೆ ತೆಳ್ಳನೆಯದೊಂದು ಚೀಟಿ ಇಟ್ಟರು. “ತಿಂಗಳಾದ ಮೇಲೆ ಇದನ್ನ ತಗೊಂಡು ನೀವೇ ಬರಬೇಕು. ಚೀಟಿ ಇಲ್ದೆ ನಿಮ್ಮಣ್ಣನ್ನ ಬಿಡೋದಿಲ್ಲ. ಜೋಪಾನ.”

“ಬತ್ತೀನಿ ಸಾ.”

ವ್ಯಾನು ಹೊರಟಿತು. ಹಿಂದಿನ ಗಾಜಿನಿಂದ ಶಿವಮೂರ್ತಿ ನೋಡಿದ. ಜಗನ್ ರಸ್ತೆಯಂಚಿನಲ್ಲಿ ಎತ್ತಲೋ ನೋಡುತ್ತ ನಿಂತಿದ್ದ. ಅವನ ಬೆರಳುಗಳು ತಮ್ಮ ಪಾಡಿಗೆ ಚೀಟಿಯನ್ನು ಸಣ್ಣಗೆ, ಹದವಾಗಿ ಸುತ್ತಿದವು. ಅಂಚನ್ನು ನಾಲಿಗೆಯ ತುದಿಯಿಂದ ಒದ್ದೆ ಮಾಡಿ, ಅಂಟಿಸಿ, ಜಗನ್ ಅದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ.